ನೂರಾ ಹತ್ತರ ಇಸ್ತ್ರಿ

ಯಾದಗಿರಿಯ ಅಗಸರ ಮೌನಪ್ಪ ತನ್ನ ಮಗನನ್ನು ವಿಲಾಯತಿಗೆ ಕಳಿಸುವುದಾಗಿ ಮಾತು ಕೊಟ್ಟದ್ದು ಒಂದು ಮಂಗಳವಾರ ಮಧ್ಯಾಹ್ನ. ಮನೆಯವರಿಗೆ ಅದು ತಿಳಿದದ್ದು ಸಂಜೆ ಎಲ್ಲರೂ ರೊಟ್ಟಿಗೆ ಕೂತಾಗ.

"ಶಹಾಪುರದ ಜಾಗೀರದಾರ ಸಾಹೇಬ್ರು ಲಂಡನ್ನಿಗಿ ಹೊಂಟಾರ," ಎಂದ ಮೌನಪ್ಪ, ರೊಟ್ಟಿಗೆ ಪುಂಡಿಪಲ್ಯ ಹಚ್ಚಿಕೊಳ್ಳುತ್ತ. "ಅವರ ಕಚೇರಿ ನೋಡೂ ಪೇಶಕಾರ ಗುಂಡೇರಾಯರು ಜೋಡಿ ಇರ್ತಾರ. ಅಡಗಿಯವ ಒಬ್ಬ, ಇಸ್ತ್ರಿಯವ ಒಬ್ಬ ಬೇಕಂತ. ನಮ್ಮ ಅಮರಪ್ಪನ ಹೆಸರು ಬರಸಿ ಬಂದೀನಿ."

ಅಮರಪ್ಪ ತುತ್ತು ಕೈಯಲ್ಲಿ ಹಿಡಿದುಕೊಂಡೇ ಅಪ್ಪನ ಮುಖ ನೋಡಿದ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವನ ಹೆಂಡತಿ ಕರೆಮ್ಮ ಕೈ ನಿಲ್ಲಿಸಿದಳು. ಮೊದಲು ಬಾಯಿ ತೆರೆದವಳೂ ಅವಳೇ.

"ಅವರನ್ನ ಒಂದು ಮಾತು ಕೇಳಿದ್ರ್ಯಾ ಮಾವಾ?"

"ಕೇಳೂದೇನೈತಿ? ನಾಕು ತಿಂಗಳ ಮಾತು. ದಸರಾಕ್ಕ ಮನ್ಯಾಗ ಇರ್ತಾನ."

"ನಾಕು ತಿಂಗಳು ಇಲ್ಲಿ ಇಸ್ತ್ರಿ ಯಾರು ಮಾಡಬೇಕ್ರಿ? ನಿಮ್ಮ ಕೈ ಒಂದೀಟು ನೋಡ್ಕೋರಿ."

ಮೌನಪ್ಪನ ಬಲಗೈ ಎರಡು ವರ್ಷದಿಂದ ನಡುಗುತ್ತಿತ್ತು. ಕೆಂಡ ತುಂಬಿದ ಇಸ್ತ್ರಿ ಹಿಡಿದರೆ ಬೂದಿ ಹಾರಿ ಬಿಳಿ ಅಂಗಿಯ ಮೇಲೆ ಬೀಳುತ್ತಿತ್ತು. ಊರಿನ ತಹಸೀಲ ಕಚೇರಿಯವರ, ಸ್ಟೇಶನ್ ಬಾಬುಗಳ ಬಟ್ಟೆಯೆಲ್ಲ ಅಮರಪ್ಪನ ಕೈಯಲ್ಲೇ ಇಸ್ತ್ರಿಯಾಗುತ್ತಿತ್ತು. ಗುಂಡೇರಾಯರು ಆರಿಸಿದ್ದೂ ಆ ಕೈಯ ಹೆಸರು ಕೇಳಿಯೇ.

"ನೀ ಕಲಕೊಂಡೀಯಲ್ಲ, ನೀ ಮಾಡು," ಎಂದ ಮೌನಪ್ಪ.

"ನದಿಗಿ ಯಾರು ಹೋಗಬೇಕು? ಬಟ್ಟಿ ಕುದಸೂ ಉಬ್ಬಿ ಹಂಡೇಕ ಕಟ್ಟಿಗಿ ಯಾರು ಒಟ್ಟಬೇಕು? ಈ ಕೂಸನ್ನ ಯಾರು ನೋಡಬೇಕು?"

ಕೂಸು ಸುಗಲಮ್ಮನಿಗೆ ಮೂರು ವರ್ಷ. ಅಜ್ಜನ ತೊಡೆಯ ಮೇಲೆ ಕೂತು ಅವನ ತಾಟಿನಿಂದಲೇ ತಿನ್ನುತ್ತಿತ್ತು.

"ಉಣ್ಣೂ ಹೊತ್ತಿನ್ಯಾಗ ಬ್ಯಾಡ ತಗಿ ಕರೆವ್ವಾ," ಎಂದಳು ಅತ್ತೆ ಮಲ್ಲಿಕಮ್ಮ. ಆಮೇಲೆ ಗಂಡನ ಕಡೆ ತಿರುಗಿ, "ನೀವರ ಮನಿಗಿ ಬಂದು ಕೇಳಿ ಆಮ್ಯಾಲ ಹೂಂ ಅನಬೇಕಿತ್ತು," ಎಂದಳು.

"ಸಾಹೇಬ್ರ ವಾಡೇದಾಗ ನಿಂತು, ತಡೀರಿ ಮನ್ಯಾಗ ಕೇಳ್ತೀನಿ ಅಂತ ಅನಬೇಕಿತ್ತೇನು? ನಮ್ಮಪ್ಪನ ಕಾಲದಿಂದ ಆ ವಾಡೇದ ಬಟ್ಟಿ ಒಗದೀವಿ. ಇಲ್ಲ ಅನ್ನಾಕ ಬರ್ತೈತೇನು?" ಮೌನಪ್ಪನ ದನಿ ಏರಿತು. ಆದರೆ ಅವನ ಮುಖದಲ್ಲಿ ಸಿಟ್ಟಿಗಿಂತ ಹೆಮ್ಮೆಯೇ ಹೆಚ್ಚಿತ್ತು. ಅದನ್ನು ಕಂಡ ಕರೆಮ್ಮ ರೊಟ್ಟಿಯನ್ನು ಹೆಂಚಿನ ಮೇಲೆ ಬೀಸಿ ಹಾಕಿದಳು.

"ನಿಂದೇನಪಾ?" ಎಂದು ತಾಯಿ ಮಗನನ್ನು ಕೇಳಿದಳು.

ಅಮರಪ್ಪ ತುತ್ತು ಬಾಯಿಗಿಟ್ಟು, "ಅಲ್ಲಿ ಕೆಂಡದ ಇಸ್ತ್ರಿ ಇರಂಗಿಲ್ಲಂತ. ಕರೆಂಟಿಂದು ಇರ್ತದಂತ. ಅದು ನನಗ ಬರಂಗಿಲ್ಲ," ಎಂದಷ್ಟೇ ಹೇಳಿದ.

ಅದನ್ನು ಕಲಿಸುವವನು ಓಣಿಯಲ್ಲೇ ಇದ್ದ. ಹತ್ತಿ ಗಿರಣಿಯ ಡೈನಮೋ ನೋಡಿಕೊಳ್ಳುವ ಯೂನುಸ ಅಮರಪ್ಪನ ಓರಗೆಯವ, ಚಿಕ್ಕಂದಿನಿಂದ ಇಬ್ಬರೂ ಭೀಮೆಯಲ್ಲಿ ಕೂಡಿ ಈಜಿದವರು. ಗಿರಣಿ ಸಾಹುಕಾರರ ಬಂಗಲೆಯಲ್ಲಿ ಕರೆಂಟಿನ ಇಸ್ತ್ರಿ ಒಂದಿತ್ತು. ಮರುದಿನ ಅವರ ಒಗೆದ ಬಟ್ಟೆಯ ಗಂಟು ಹೊತ್ತುಕೊಂಡು ಗಂಡ ಹೆಂಡತಿ ಇಬ್ಬರೂ ಬಂಗಲೆಗೆ ಹೋದರು. ಯೂನುಸ ಇಸ್ತ್ರಿಯನ್ನು ಮೊದಲು ಕೈಯಲ್ಲಿ ಹಿಡಿದು ತಿರುಗಿಸಿ ತೋರಿಸಿದ.

"ಇಲ್ನೋಡು ಅಮರಪ್ಪ. ಇದರ ಬೆನ್ನಿಗೆ ಹಿತ್ತಾಳಿ ಪಟ್ಟಿ ಐತಲ್ಲ, ಅದರ ಮ್ಯಾಲ ಅಂಕಿ ಹೊಡದಿರ್ತಾರ. ಇದು ಇನ್ನೂರಾ ಇಪ್ಪತ್ತು. ನಮ್ಮ ಡೈನಮೋನೂ ಇನ್ನೂರಾ ಇಪ್ಪತ್ತು. ಎರಡೂ ಕೂಡಿದ್ರ ಹಚ್ಚಬೇಕು. ಕೂಡಲಿಲ್ಲ, ಮುಟ್ಟಬಾರದು."

"ಎಲ್ಲಾ ಕರೆಂಟೂ ಒಂದೇ ಅಲ್ಲೇನು?"

"ಎಲ್ಲಿ ಒಂದೇ? ಊರಿಗೊಂದು ಥರ. ಹಡಗಿನ್ಯಾಗ ನೂರಾ ಹತ್ತು ಇರ್ತದಂತ. ವಿಲಾಯತಿಯೊಳಗ ಇನ್ನೂರರ ಮ್ಯಾಲ. ಕರೆಂಟ್ ಕಡಿಮಿ ಬಿತ್ತಂದ್ರ ಇಸ್ತ್ರಿ ಕಾಯಂಗಿಲ್ಲ. ಹೆಚ್ಚು ಬಿತ್ತಂದ್ರ ಸುಡ್ತದ."

"ಎಷ್ಟು ಸುಡ್ತದ?" ಎಂದು ಕೇಳಿದಳು ಕರೆಮ್ಮ.

"ಡಬಲ್ ಕರೆಂಟಿಗಿ ಹಚ್ಚಿದ್ರ ನಾಕು ಪಟ್ಟು ಕಾಯ್ತದ ಅಕ್ಕಾ. ನಿಮ್ಮ ಉಬ್ಬಿ ಹಂಡೇದ ಕೆಳಗ ಒಂದು ಹೊರಿ ಕಟ್ಟಿಗಿ ಹಾಕೋ ಕಡಿ ನಾಕು ಹೊರಿ ಒಟ್ಟಿದಂಗ." ಯೂನುಸ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಅದರ ಹಿತ್ತಾಳೆಯ ಹಲ್ಲು ತೋರಿಸಿದ. "ಈ ಪ್ಲಗ್ಗೂ ಅಷ್ಟ. ಒಂದೊಂದು ದೇಶದಾಗ ಒಂದೊಂದು ನಮೂನಿ ಹಲ್ಲು. ತೂತಿನ್ಯಾಗ ಕೂಡಲಿಲ್ಲಂದ್ರ ಜುಲುಮಿ ಮಾಡಬ್ಯಾಡ. ಇದು ಈ ಊರಿನ ಸಾಮಾನಲ್ಲ ಅಂತ ಅದೇ ಹೇಳಾಕತ್ತದ ಅಂತ ತಿಳಕೋ. ನಿಂತು ಅಂಕಿ ನೋಡು."

ಅಮರಪ್ಪನಿಗೆ ಓದು ಬರುತ್ತಿರಲಿಲ್ಲ. ಯೂನುಸ ಇದ್ದಲಿಯಿಂದ ಕಲ್ಲುಹಾಸಿನ ಮೇಲೆ ಇಂಗ್ಲಿಷ್ ಅಂಕಿ ಬರೆದ. ಎರಡು ಕಡ್ಡಿ, ಒಂದು ಸೊನ್ನೆ: ನೂರಾ ಹತ್ತು. ಎರಡು ಕೊಕ್ಕೆ, ಒಂದು ಸೊನ್ನೆ: ಇನ್ನೂರಾ ಇಪ್ಪತ್ತು. ಅಮರಪ್ಪ ಹತ್ತು ಸಲ ಬರೆದ. ಕರೆಮ್ಮ ಬಟ್ಟೆ ಮಡಿಸುತ್ತ ನೋಡಿದಳು. ಹದಿನೈದು ದಿನ ದಿನಾ ಮಧ್ಯಾಹ್ನ ಅಲ್ಲಿಗೆ ಹೋಗಿ ಅಮರಪ್ಪ ಕರೆಂಟಿನ ಇಸ್ತ್ರಿಯಲ್ಲಿ ಕೈ ಪಳಗಿಸಿಕೊಂಡ. ಸಾಹುಕಾರರ ರೇಶ್ಮೆ ಅಂಗಿಯನ್ನು ಒಂದು ಸುಕ್ಕಿಲ್ಲದೆ ಮಾಡಿ ತೋರಿಸಿದ ದಿನ ಅವನಿಗೂ ಹೋಗುವ ಹುರುಪು ಬಂತು. ಕರೆಮ್ಮ ಅದನ್ನು ಗಮನಿಸಿದಳು.

ಹತ್ತೊಂಬೈನೂರ ಮೂವತ್ತೊಂಬತ್ತರ ಏಪ್ರಿಲ್ ಕೊನೆಗೆ ಅಮರಪ್ಪ ಜಾಗೀರದಾರರ ಜೊತೆ ಮುಂಬಯಿಯ ರೈಲು ಹತ್ತಿದ. ಕರೆಮ್ಮ ನಲವತ್ತು ಕಟಕು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಗುಂಡೇರಾಯರ ಕೈಯಲ್ಲಿ ಒಂದು ಚರ್ಮದ ಪೆಟ್ಟಿಗೆ ಇತ್ತು. ಎಲ್ಲರ ಪಾಸ್‌ಪೋರ್ಟೂ ಅದರೊಳಗೇ ಇತ್ತು. "ನಿನ್ನದು ನಿನ್ನ ಕೈಯಾಗ ಕೊಟ್ರ ಕಳಕೋತಿ," ಎಂದು ಅಮರಪ್ಪನಿಗೆ ಹೇಳಿದ್ದರು.

ಮನೆಯಲ್ಲಿ ದಿನಗಳು ಹೇಗೋ ಸಾಗಿದವು. ಕರೆಮ್ಮ ನಸುಕಿನಲ್ಲಿ ನದಿಗೆ ಹೋಗಿ ಒಗೆದು, ಹೊತ್ತೇರಿದ ಮೇಲೆ ಬಂದು ಇಸ್ತ್ರಿಗೆ ನಿಲ್ಲುತ್ತಿದ್ದಳು. ಮಲ್ಲಿಕಮ್ಮ ಅಡುಗೆ, ಕೂಸು, ಉಬ್ಬೆಯ ಹಂಡೆ ನೋಡಿಕೊಂಡಳು. ಮೌನಪ್ಪ ಮನೆಮನೆಗೆ ಬಟ್ಟೆ ಮುಟ್ಟಿಸುತ್ತಿದ್ದ. ಮುಟ್ಟಿಸಿದಲ್ಲೆಲ್ಲ, "ಮಗ ಲಂಡನ್ನಿನ್ಯಾಗ ಇದ್ದಾನ್ರಿ" ಎಂದು ಹೇಳಿ ಬರುತ್ತಿದ್ದ. ಮುಂಬಯಿಯಿಂದ ಒಂದು ಕಾರ್ಡು ಬಂತು. ಆಮೇಲೆ ಹಡಗಿನಿಂದ ಅಡುಗೆಯವ ಬರೆದುಕೊಟ್ಟ ಇನ್ನೊಂದು: ಹೈದರಾಬಾದಿನಿಂದ ತಂದ ಇಸ್ತ್ರಿ ಇಲ್ಲಿ ಕಾಯುವುದಿಲ್ಲ, ಸಾಹೇಬರು ಬೇಸರ ಮಾಡಿಕೊಂಡಿದ್ದಾರೆ, ಸುಗಲಮ್ಮ ಹೇಗಿದ್ದಾಳೆ.

"ನಾ ಹೇಳಿದ್ನಲ್ಲ," ಎಂದು ಕಾರ್ಡು ಓದಿದ ಯೂನುಸ ನಕ್ಕ. "ಹಡಗಿನ್ಯಾಗ ಕರೆಂಟ್ ಕಡಿಮಿ."

ಆಮೇಲೆ ಏನೂ ಬರಲಿಲ್ಲ.

ಆಗಸ್ಟಿನ ನಡುವೆ, ಹೇಳಿದ್ದಕ್ಕಿಂತ ಮೊದಲೇ, ಜಾಗೀರದಾರರು ತಿರುಗಿ ಬರುತ್ತಾರೆಂದು ಸುದ್ದಿಯಾಯಿತು. ವಿಲಾಯತಿಯಲ್ಲಿ ಯುದ್ಧದ ಮಾತು ಬಲವಾಗಿದೆ ಎಂದರು. ಮಲ್ಲಿಕಮ್ಮ ಸಜ್ಜಕದ ಹೋಳಿಗೆಗೆ ಬೆಲ್ಲ ಕುಟ್ಟಿದಳು. ಮೌನಪ್ಪ ತಲೆಗೆ ಒಗೆದ ಪಟಗ ಸುತ್ತಿ, ಸುಗಲಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡು ಸ್ಟೇಶನ್ನಿಗೆ ಹೋದ.

ಮೊದಲ ದರ್ಜೆಯ ಡಬ್ಬಿಯಿಂದ ಸಾಹೇಬರು ಇಳಿದು ಮೋಟಾರಿನಲ್ಲಿ ಕೂತರು. ಗುಂಡೇರಾಯರು ಇಳಿದರು. ಅಡುಗೆಯವ ಇಳಿದ. ಪೆಟ್ಟಿಗೆಗಳು ಇಳಿದವು. ರೈಲು ಸೀಟಿ ಹೊಡೆದು ಹೋಯಿತು.

"ರಾಯರ, ನಮ್ಮ ಹುಡುಗ?"

ಗುಂಡೇರಾಯರು ಪೆಟ್ಟಿಗೆ ಎಣಿಸುತ್ತಿದ್ದರು. "ನಿನ್ನ ಹುಡುಗ ಓಡಿ ಹೋದ ಮೌನ್ಯಾ," ಎಂದರು. "ಸಾಹೇಬ್ರು ದೊಡ್ಡ ಊಟಕ್ಕ ಹೋಗೋ ಶೇರವಾನಿ ಸುಟ್ಟು ತೂತು ಮಾಡಿದ. ನಾಕು ಬೈದೆ. ಮರುದಿನ ಇಲ್ಲ. ನಾವೆಲ್ಲಿ ಹುಡುಕೂದು ಆ ಊರಾಗ?"

ಮೌನಪ್ಪ ಮನೆಗೆ ಬಂದು ಪಟಗ ಬಿಚ್ಚದೆ ಕಟ್ಟೆಯ ಮೇಲೆ ಕೂತ. ಮಲ್ಲಿಕಮ್ಮ ಕೈಯಲ್ಲಿ ಕಣಕದ ಉಂಡೆ ಹಿಡಿದುಕೊಂಡೇ ಹೊರಗೆ ಬಂದಳು.

"ಓಡಿ ಹೋಗ್ಯಾನಂತ," ಎಂದ.

"ಎಲ್ಲಿಗಿ ಓಡ್ತಾರ?" ಎಂದಳು ಕರೆಮ್ಮ. "ಸಮುದ್ರದ ಆಚೀಕ ಎಲ್ಲಿಗಿ ಓಡ್ತಾರ್ರಿ ಮಾವಾ? ನೀವು ಕೇಳಲಿಲ್ಲ?"

"ಕೇಳಿದೆ."

"ಏನಂತ ಕೇಳಿದ್ರಿ?"

ಮೌನಪ್ಪ ಈಗ ಪಟಗ ಬಿಚ್ಚತೊಡಗಿದ. ಹುಡುಗ ಎಲ್ಲಿ ಎಂಬುದರ ಮೇಲೆ ಅವನು ಏನೂ ಕೇಳಿರಲಿಲ್ಲ.

ಇಪ್ಪತ್ತು ದಿನದ ಮೇಲೆ ಒಂದು ಲಕೋಟೆ ಬಂತು. ಆ ಹೊತ್ತಿಗೆ ಯುದ್ಧ ಶುರುವಾಗಿದೆಯೆಂದು ಸ್ಟೇಶನ್ನಿನಲ್ಲಿ ಎಲ್ಲರೂ ಮಾತಾಡುತ್ತಿದ್ದರು. ಕಾಗದ ಉರ್ದುವಿನಲ್ಲಿತ್ತು. ಲಂಡನ್ನಿನ ಬಂದರಿನಲ್ಲಿ ಹಡಗಿನ ಕೂಲಿಗಳು ತಂಗುವ ವಸತಿಯೊಂದಿದೆ, ಅಲ್ಲಿಯ ಒಬ್ಬ ದಖ್ಖನಿ ಖಲಾಸಿ ಅಮರಪ್ಪ ಹೇಳಿದಂತೆ ಬರೆದಿದ್ದ. ಯೂನುಸ ಕಟ್ಟೆಯ ಮೇಲೆ ಕೂತು ಒಂದೊಂದೇ ಸಾಲನ್ನು ಕನ್ನಡ ಮಾಡಿ ಹೇಳಿದ.

ಹಡಗಿನಲ್ಲಿ ಇಸ್ತ್ರಿ ಕಾಯದಿದ್ದಾಗ ಗುಂಡೇರಾಯರು ಅದನ್ನು ಹಡಗಿನವರಿಗೆ ಕೊಟ್ಟು, ಬದಲಿಗೆ ಅವರ ಹತ್ತಿರ ಇದ್ದದ್ದನ್ನು ತಂದರು. ಅದರ ಬೆನ್ನ ಮೇಲೆ ಎರಡು ಕಡ್ಡಿ, ಒಂದು ಸೊನ್ನೆ ಇತ್ತು. ಹಡಗು ಇಳಿಯುವ ತನಕ ಅದು ಚಲೋ ನಡೆಯಿತು. ಲಂಡನ್ನಿನ ಹೋಟೆಲಿನಲ್ಲಿ ಅದರ ಪ್ಲಗ್ಗು ಗೋಡೆಗೆ ಕೂಡಲಿಲ್ಲ. ಇದು ಇಲ್ಲಿಯದಲ್ಲ ರಾಯರೇ, ಅಂಕಿ ಬೇರೆ ಇದೆ, ಸುಡುತ್ತದೆ, ಯಾರನ್ನಾದರೂ ಕೇಳಿರಿ ಎಂದು ಅಮರಪ್ಪ ಎರಡು ಸಲ ಹೇಳಿದ. ಅಗಸ ನನಗೆ ಅಂಕಿ ಕಲಿಸುತ್ತಾನೆಯೇ ಎಂದು ರಾಯರು ಬೈದರು. ಹೋಟೆಲಿನ ಆಳನ್ನು ಕರೆದು ಪ್ಲಗ್ಗು ಕತ್ತರಿಸಿ ಬೇರೆಯದನ್ನು ಕಟ್ಟಿಸಿದರು. ಊಟಕ್ಕೆ ಹೊತ್ತಾಯಿತು, ನಿಂತೇನು ನೋಡುತ್ತೀ ಎಂದರು. ಇಸ್ತ್ರಿ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಕೆಂಪಗಾಯಿತು. ಶೇರವಾನಿಯ ಎದೆಯ ಭಾಗ ಇಸ್ತ್ರಿಯ ಆಕಾರಕ್ಕೆ ಸುಟ್ಟು ಕೆಳಗೆ ಬಿತ್ತು. ಅಮರಪ್ಪನ ಅಂಗೈಯೂ ಸುಟ್ಟಿತು. ಅದೇ ಸಂಜೆ ಅವನನ್ನು ಹೋಟೆಲಿನಿಂದ ಹೊರಗೆ ಹಾಕಿದರು. ಪಾಸ್‌ಪೋರ್ಟು ರಾಯರ ಪೆಟ್ಟಿಗೆಯಲ್ಲೇ ಉಳಿಯಿತು. ಕಾಗದದ ಕೊನೆಗೆ ಹೀಗಿತ್ತು: ಅದಿಲ್ಲದೆ ಯಾವ ಹಡಗಿನವರೂ ಹತ್ತಿಸಿಕೊಳ್ಳುವುದಿಲ್ಲ. ಅದನ್ನು ಹೇಗಾದರೂ ಕಳಿಸಿರಿ. ನಾನು ಇಲ್ಲಿ ಖಲಾಸಿಗಳ ಬಟ್ಟೆ ಒಗೆದು ಉಣ್ಣುತ್ತಿದ್ದೇನೆ.

ಯೂನುಸ ಓದು ಮುಗಿಸಿ ಕಾಗದ ಮಡಿಸಿದ. "ಪ್ಲಗ್ಗು ಕೂಡಲಿಲ್ಲ," ಎಂದ. "ಕೂಡಲಿಲ್ಲ ಅಂದ ಮ್ಯಾಲ ಬಿಡಬೇಕಿತ್ತು. ಕತ್ತರಿಸಿ ಕೂಡಿಸ್ಯಾರ."

"ಕೈ ಎಷ್ಟು ಸುಟ್ಟದಂತ?" ಎಂದು ಕೇಳಿದಳು ಮಲ್ಲಿಕಮ್ಮ.

"ಬರದಿಲ್ಲ ಚಿಕ್ಕಮ್ಮಾ."

"ಯಾವ ಕೈ?"

"ಅದೂ ಬರದಿಲ್ಲ."

ಅಂದು ಯಾರೂ ಸರಿಯಾಗಿ ಉಣ್ಣಲಿಲ್ಲ. ಮರುದಿನ ಕರೆಮ್ಮ ನದಿಗೆ ಹೋಗಲಿಲ್ಲ. "ಶಹಾಪುರಕ್ಕ ಹೋಗೂಣ ನಡ್ರಿ ಮಾವಾ. ನೀವೊಬ್ರ ಹೋದ್ರ ಕೈ ಕಟ್ಟಿ ನಿಂತು ಬರ್ತೀರಿ. ನಾನೂ ಬರ್ತೀನಿ," ಎಂದಳು. ಮೌನಪ್ಪ ಚಪ್ಪಲಿ ಮೆಟ್ಟಿದ.

ಸರ್ವೀಸ್ ಮೋಟಾರಿನಲ್ಲಿ ಭೀಮೆ ದಾಟಿ, ಜೋಳದ ಚೀಲಗಳ ನಡುವೆ ಕೂತು ಇಬ್ಬರೂ ಶಹಾಪುರ ಮುಟ್ಟಿದರು. ವಾಡೆಯ ಕಚೇರಿ ಕೋಣೆಯ ಹೊರಗೆ ಮಧ್ಯಾಹ್ನದ ತನಕ ಕಾದರು. ಬಿಸಿಲು ಮೆಟ್ಟಿಲಿಗೆ ಬಂತು. ಕೋಣೆಯ ಬಾಗಿಲು ಗಾಳಿಗೆ ಮುಚ್ಚದಂತೆ ಅದಕ್ಕೆ ಏನನ್ನೋ ಒತ್ತು ಕೊಟ್ಟಿದ್ದರು. ಕರೆಮ್ಮ ನೋಡುತ್ತ ನೋಡುತ್ತ ಎದ್ದು ಹತ್ತಿರ ಹೋಗಿ ಬಗ್ಗಿದಳು. ಅದೊಂದು ಇಸ್ತ್ರಿ. ಅಡಿ ಕರಿಗಟ್ಟಿತ್ತು, ಹಿಡಿಕೆ ಅರ್ಧ ಸುಟ್ಟಿತ್ತು. ವಾಯರನ್ನು ಸುತ್ತಿ ಕಟ್ಟಿದ್ದರು.

"ಏನೋ ಮೌನ್ಯಾ, ಮತ್ಯಾಕ ಬಂದಿ?" ಒಳಗಿನಿಂದ ಗುಂಡೇರಾಯರ ದನಿ ಬಂತು.

"ಹುಡುಗನ ಕಾಗದ ಬಂದದ್ರಿ ಧಣೇರ. ಅವನ ಪಾಸ್‌ಪೋರ್ಟು ತಮ್ಮ ಹತ್ರ ಐತಂತ. ಅದನ್ನ..."

"ಓಡಿ ಹೋದವನಿಗಿ ಪಾಸ್‌ಪೋರ್ಟ್ ಯಾಕ?"

"ರಾಯರ," ಎಂದಳು ಕರೆಮ್ಮ ಬಾಗಿಲಲ್ಲೇ ನಿಂತು, "ಶೇರವಾನಿ ಸುಟ್ಟದ್ದು ಇದೇ ಇಸ್ತ್ರಿ ಏನ್ರಿ?"

ಗುಂಡೇರಾಯರು ತಲೆ ಎತ್ತಿದರು.

"ಇದರ ಬೆನ್ನ ಮ್ಯಾಲ ಎರಡು ಕಡ್ಡಿ ಒಂದು ಸೊನ್ನಿ ಐತ್ರಿ. ನೂರಾ ಹತ್ತು. ಇದು ಹಡಗಿಂದು. ಅಲ್ಲಿ ಗ್ವಾಡ್ಯಾಗ ಅದರ ಡಬಲ್ ಕರೆಂಟಿತ್ತು. ನಮ್ಮ ಮನಿಯವರು ಬ್ಯಾಡ ಅಂದ್ರು. ತಾವು ಪ್ಲಗ್ಗು ಕತ್ತರಿಸಿ ಹಚ್ಚಸಿದ್ರಿ."

ಕೋಣೆಯಲ್ಲಿ ಕೂತಿದ್ದ ಇಬ್ಬರು ಗುಮಾಸ್ತರು ಬರೆಯುವುದನ್ನು ನಿಲ್ಲಿಸಿದರು. ಗುಂಡೇರಾಯರು ಲೇಖನಿ ಕೆಳಗಿಟ್ಟರು.

"ನಿನಗ ಇಂಗ್ಲಿಷ್ ಅಂಕಿ ಯಾರು ಕಲಿಸಿದ್ರು?" ಎಂದರು. ಎದ್ದು ಬಂದು ಕಾಲಿನಿಂದ ಇಸ್ತ್ರಿಯನ್ನು ಒಳಗೆ ಸರಿಸಿದರು. ಬಾಗಿಲು ತಾನಾಗಿ ಮುಚ್ಚಿಕೊಂಡಿತು.

ಇನ್ನೊಂದು ತಾಸಿನ ಮೇಲೆ ಆಳೊಬ್ಬ ಬಂದು ಮೌನಪ್ಪನನ್ನು ಮಾತ್ರ ಒಳಗೆ ಕರೆದ. ಅವನು ಹೊರಗೆ ಬಂದವನೇ ಮೋಟಾರು ನಿಲ್ಲುವ ಕಡೆಗೆ ನಡೆದ. ಮೋಟಾರು ಭೀಮೆ ದಾಟಿತು.

"ಪಾಸ್‌ಪೋರ್ಟು ಕಳಸ್ತಾರಂತ," ಎಂದ ಕೊನೆಗೆ. "ಒಂದು ಕಾಗದಕ್ಕ ನಾ ಹೆಬ್ಬೆಟ್ಟು ಒತ್ತಬೇಕಂತ. ನನ್ನ ಮಗ ಕುಡದು, ಎಚ್ಚರಿಲ್ದ ಶೇರವಾನಿ ಸುಟ್ಟ. ಬೈದ್ರಂತ ತಾನ ಓಡಿ ಹೋದ. ವಾಡೇದವರದು ಏನೂ ತಪ್ಪಿಲ್ಲ ಅಂತ."

"ನಮ್ಮವರು ಕುಡೀತಾರೇನು?"

"ಸೇಂದಿ ವಾಸನಿ ಕೂಡ ಕಂಡವನಲ್ಲ."

ಮನೆಯಲ್ಲಿ ಆ ವಾರವೆಲ್ಲ ಇದೇ ಮಾತು. ಮೌನಪ್ಪ ಒತ್ತುವುದಿಲ್ಲ ಎಂದು ಕೂತ. ಅವನು ತಹಸೀಲ ಕಚೇರಿಗೆ ಹೋಗಿ ಅರ್ಜಿ ಬರೆಸಿದ. ಜಾಗೀರದಾರರ ವಿಷಯ ನಮಗೆ ಬರುವುದಿಲ್ಲ ಎಂದು ಅಲ್ಲಿಯವರು ತಿರುಗಿಸಿ ಕೊಟ್ಟರು. ಯೂನುಸನನ್ನು ಕರೆದುಕೊಂಡು ಗಿರಣಿ ಸಾಹುಕಾರರ ಹತ್ತಿರ ಹೋದ. ಇಸ್ತ್ರಿಯ ಲೆಕ್ಕ ಸಾಹುಕಾರರಿಗೆ ಒಂದೇ ಮಾತಿಗೆ ತಿಳಿಯಿತು. "ತಪ್ಪು ಗುಂಡೇರಾಯರದೇ," ಎಂದರು. "ಆದ್ರ ಜಾಗೀರದಾರರ ಸೀಮಿ ಹತ್ತಿ ನಮ್ಮ ಗಿರಣಿಗಿ ಬರ್ತದ. ನಾ ಹೆಂಗ ಹೇಳ್ಲಿ ಮೌನಪ್ಪ?"

ಅಂದು ಸಂಜೆ ಮಲ್ಲಿಕಮ್ಮ ಅಂಬಲಿ ಬಡಿಸಿದಳು. ಮೌನಪ್ಪ ಮುಟ್ಟಲಿಲ್ಲ.

"ಒತ್ತಿ ಬರ್ರಿ," ಎಂದಳು ಕರೆಮ್ಮ.

"ನೀನ ವಾಡೇದಾಗ ನಿಂತು ಖರೇ ಹೇಳಿದಾಕಿ. ಈಗ ನೀನ ಒತ್ತು ಅಂತಿ?"

"ಹೇಳಿದೆ. ಏನಾತು? ಬಾಗಿಲಾ ಹಾಕಿದ್ರು. ಖರೇ ನನಗ ಬ್ಯಾಡ ಮಾವಾ, ನನಗ ಅವರು ಬೇಕು."

"ಸುಳ್ಳಿಗಿ ಬೆಟ್ಟು ಒತ್ತಿದ್ರ ನಾಳಿ ಅವನ ಮುಖ ಹೆಂಗ ನೋಡ್ಲಿ? ನಮ್ಮ ಕೈಯಾಗ ಇರೂದು ಕೆಲಸದ ಹೆಸರೊಂದ. ಕುಡುಕ ಅಂತ ಬರಸಿ..."

"ಅಂದು ಅವರನ್ನ ಕೇಳದ ಹೆಸರು ಬರಸಿ ಬಂದ್ರಲ್ಲ, ಇದೂ ಬರಸ್ರಿ," ಎಂದುಬಿಟ್ಟಳು ಕರೆಮ್ಮ.

ಮಲ್ಲಿಕಮ್ಮ ಸೌಟು ಕೆಳಗಿಟ್ಟಳು. ಮೌನಪ್ಪ ತಲೆ ತಗ್ಗಿಸಿದ. ಅವನ ನಡುಗುವ ಕೈ ತಾಟಿಗೆ ತಾಗಿ ಸಣ್ಣಗೆ ಸದ್ದು ಮಾಡುತ್ತಿತ್ತು. ಮಲ್ಲಿಕಮ್ಮ ಆ ಕೈಯ ಮೇಲೆ ತನ್ನ ಕೈ ಇಟ್ಟು ಹಿಡಿದಳು.

"ಹೋಗಿ ಬರ್ರಿ," ಎಂದಳು. "ಇದ್ದ ಒಬ್ಬ ಮಗ."

ಅವನು ಹೋಗಿ ಒತ್ತಿ ಬಂದ. ಕೈ ನಡುಗಿ ಮೊದಲ ಗುರುತು ಕಲಸಿಹೋಯಿತಂತೆ. ಗುಮಾಸ್ತನೇ ಹೆಬ್ಬೆಟ್ಟು ಹಿಡಿದು ಇನ್ನೊಮ್ಮೆ ಒತ್ತಿಸಿದನಂತೆ.

"ಪಾಸ್‌ಪೋರ್ಟು ಕಳಿಸಿದ್ರ್ಯಾ? ನೋಡಿದ್ರಿ ಏನು ನೀವು?"

"ಲಕೋಟಿಯೊಳಗ ಹಾಕಿ ಅರಗು ಹಚ್ಚಿದ್ದು ನೋಡೀನಿ. ಹೈದರಾಬಾದಿಗಿ ಹೋಗಿ, ಅಲ್ಲಿಂದ ಮುಂಬಯಿಗಿ, ಅಲ್ಲಿಂದ ಹಡಗಿಗಿ ಅಂತ."

"ಲಕೋಟಿಯೊಳಗ ಹಾಕಿದ್ದು ಪಾಸ್‌ಪೋರ್ಟೇ ಏನು?"

"ನೀಲಿ ಪುಸ್ತಕ ಇತ್ತು," ಎಂದ ಮೌನಪ್ಪ. ಹೆಬ್ಬೆಟ್ಟಿನ ಮಸಿಯನ್ನು ಧೋತರಕ್ಕೆ ಒರೆಸುತ್ತ, "ಯಾರದಂತ ನಾ ಹೆಂಗ ಓದ್ಲಿ?" ಎಂದ.

ದಸರಾ ಬಂದು ಹೋಯಿತು. ಸುರಪುರದ ಹತ್ತಿರದ ರಂಗಂಪೇಟೆಯಿಂದ ಕರೆಮ್ಮನ ಅಣ್ಣ ಮರಿಲಿಂಗಪ್ಪ ಬಂಡಿ ಹೂಡಿಕೊಂಡು ಬಂದ. ತಂಗಿಯ ಮುಖ ಇಳಿದದ್ದನ್ನು, ಅಂಗೈಯಲ್ಲಿ ಬೊಬ್ಬೆ ಎದ್ದದ್ದನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ.

"ಮೌನಪ್ಪಮಾವಾ, ನಿಮ್ಮ ಮಗ ಬರೂ ತನಕ ಕರೆಮ್ಮನ್ನ ನಾ ಒಯ್ತೀನಿ," ಎಂದ. "ಇಲ್ಲಿ ಆಕಿ ಎತ್ತಿನಂಗ ದುಡ್ಯಾಕತ್ತಾಳ. ಕಳಿಸಿದವರು ನೀವು. ಅನುಭೋಗಸಾಕ ಆಕಿ ಏನು?"

ಮೌನಪ್ಪ, "ಒಯ್ಯಪಾ," ಎಂದ. "ನನಗ ಬಾಯಿ ಇಲ್ಲ."

ಮಲ್ಲಿಕಮ್ಮ ಮೊಮ್ಮಗಳನ್ನು ಎದೆಗೊತ್ತಿಕೊಂಡು ಒಳಗೆ ಹೋದಳು. ಕರೆಮ್ಮ ಅಣ್ಣನಿಗೆ ರೊಟ್ಟಿ, ಬದನೆಕಾಯಿ ಪಲ್ಯ ನೀಡಿ ಎದುರು ಕೂತಳು. ಅವನು ಉಂಡು ಕೈ ತೊಳೆಯುವ ತನಕ ತಡೆದಳು.

"ನೀ ಹೋಗಣ್ಣಾ. ಅವರ ಕಾಗದ ಬಂದ್ರ ಈ ಮನಿಗಿ ಬರ್ತದ. ರಂಗಂಪೇಟಿಗಿ ಬರಂಗಿಲ್ಲ."

"ಬರಲಿಲ್ಲಂದ್ರ?"

ಅವಳು ತಾಟು ಎತ್ತಿಕೊಂಡು ಎದ್ದಳು. ಬಂಡಿ ಬರಿದೇ ತಿರುಗಿ ಹೋಯಿತು.

ಕಾಗದ ಬಂದದ್ದು ದೀಪಾವಳಿ ಕಳೆದು ಎರಡು ವಾರಕ್ಕೆ. ಲಕೋಟೆಯ ಒಂದು ಅಂಚನ್ನು ಯಾರೋ ಕತ್ತರಿಸಿ ತೆರೆದು, ಮತ್ತೆ ಬಿಳಿ ಪಟ್ಟಿ ಅಂಟಿಸಿದ್ದರು. ಯೂನುಸ ಗಿರಣಿಯಿಂದ ಓಡುತ್ತಲೇ ಬಂದ. ಮೇಲೆ ತಾರೀಖು ನೋಡಿ, ಸೆಪ್ಟೆಂಬರಿನಲ್ಲಿ ಬರೆದದ್ದು ಎಂದ.

ಪಾಸ್‌ಪೋರ್ಟು ಇನ್ನೂ ಬಂದಿಲ್ಲ. ಇಲ್ಲಿ ಸಂಜೆಯಾದರೆ ಇಡೀ ಊರಿನ ದೀಪ ಆರಿಸುತ್ತಾರೆ. ನನ್ನ ಎಡ ಅಂಗೈ ಮಾಗಿದೆ. ಬೆರಳು ಪೂರ್ತಿ ಬಿಚ್ಚುವುದಿಲ್ಲ, ಆದರೆ ಒಗೆಯಲು ಬರುತ್ತದೆ. ಈ ಖಲಾಸಿ ಅಣ್ಣನ ಹಡಗು ನಾಳೆ ಹೊರಡುತ್ತದೆ, ಇನ್ನು ಮುಂದೆ ಬರೆದುಕೊಡುವವರು ಸಿಗುತ್ತಾರೋ ಇಲ್ಲವೋ. ನನ್ನ ಬಗ್ಗೆ ಊರಲ್ಲಿ ಏನೇನು ಹೇಳಿದ್ದಾರೋ ತಿಳಿಯದು. ಯಾರು ಏನಾದರೂ ಅನ್ನಲಿ. ನಾನು ತಪ್ಪು ಮಾಡಲಿಲ್ಲ ಎಂಬುದನ್ನು ಅಪ್ಪ ನಂಬಿದ್ದಾನೆ ಎಂದು ಒಂದು ಸಾಲು ಬರೆಸಿರಿ. ನನಗೆ ಅಷ್ಟು ಸಾಕು.

ಯೂನುಸ ಓದಿ ಮುಗಿಸಿದ. ಸುಗಲಮ್ಮ ಲಕೋಟೆಯ ಮೇಲಿನ ಅಂಚೆ ಚೀಟಿಯನ್ನು ಉಗುರಿನಿಂದ ಎಬ್ಬಿಸುತ್ತಿತ್ತು. ಮೌನಪ್ಪ ಗೋಡೆಗೆ ಒರಗಿ ಕೂತವನು ಮಂಡಿಯ ಮೇಲೆ ಮುಖ ಇಟ್ಟ. ಅವನ ಬೆನ್ನು ಅಲುಗುತ್ತಿತ್ತು. ಕರೆಮ್ಮ ಈ ಮನೆಗೆ ಬಂದ ಆರು ವರ್ಷದಲ್ಲಿ ಮಾವ ಅತ್ತದ್ದನ್ನು ನೋಡಿರಲಿಲ್ಲ.

"ಮಾವಾ," ಎಂದಳು. "ಒತ್ತು ಅಂದಾಕಿ ನಾನು. ನೀವಲ್ಲ."

"ಒತ್ತಿದ ಬೆಟ್ಟು ನಂದು."

"ಅದನ್ನ ಬರೀಬ್ಯಾಡ್ರಿ. ನಂಬೀನಿ ಅಂತ ಬರಸ್ರಿ, ಅಷ್ಟ ಸಾಕಂತ ಅವರೇ ಅಂದಾರ."

"ಇಲ್ಲ." ಮೌನಪ್ಪ ಪಟಗದ ಸೆರಗಿನಿಂದ ಮುಖ ಒರೆಸಿಕೊಂಡ. "ಯೂನುಸ, ಕಾಗದ ತಗೋ. ಎಲ್ಲಾ ಬರಿ. ಇಸ್ತ್ರಿ ನೂರಾ ಹತ್ತರದು ಅಂತ ಬರಿ. ಗ್ವಾಡಿ ಕರೆಂಟ್ ಅದರ ಡಬಲ್ ಇತ್ತು ಅಂತ ಬರಿ. ಪ್ಲಗ್ಗು ಕೂಡಲಿಲ್ಲ, ನನ್ನ ಮಗ ಬ್ಯಾಡ ಅಂದ, ಪೇಶಕಾರ ಗುಂಡೇರಾಯ ಕತ್ತರಿಸಿ ಹಚ್ಚಿಸಿದ ಅಂತ ಬರಿ. ನಿನ್ನ ಹೇಣ್ತಿ ಹೋಗಿ ಆ ಇಸ್ತ್ರಿ ಗುರುತು ಹಿಡದು ಎಲ್ಲಾರ ಮುಂದ ಹೇಳಿದಳು ಅಂತ ಬರಿ."

ಯೂನುಸ ಬರೆಯುತ್ತ ಹೋದ. ಮಲ್ಲಿಕಮ್ಮ, ಕೈಗೆ ಕೊಬ್ಬರಿ ಎಣ್ಣೆ ತಿಕ್ಕಿಕೋ, ಬೆರಳು ದಿನಾ ಬಿಚ್ಚಿ ಮುಚ್ಚಿ ಮಾಡು ಅಂತ ಬರಿ ಎಂದಳು. ಅದನ್ನೂ ಬರೆದ.

"ಮುಂದ ಕಾಕಾ?"

"ನಿನ್ನ ಪಾಸ್‌ಪೋರ್ಟ್ ಬರ್ಲಿ ಅಂತ ನಾ ಒಂದು ಸುಳ್ಳು ಕಾಗದಕ್ಕ ಬೆಟ್ಟು ಒತ್ತೀನಿ ಅಂತ ಬರಿ. ಅದನ್ನ ನಾ ನಂಬಿ ಒತ್ತಿಲ್ಲ ಅಂತ ಬರಿ."

ಯೂನುಸ ಪೆನ್ನು ಹಿಡಿದು ಕರೆಮ್ಮನ ಕಡೆ ನೋಡಿದ. ಅವಳು ಮಸಿಯ ಕುಡಿಕೆಯನ್ನು ಅವನ ಹತ್ತಿರ ಸರಿಸಿದಳು. ಅವನು ಬರೆದ.

ಮರುದಿನ ಮೌನಪ್ಪ, ಕರೆಮ್ಮ ಇಬ್ಬರೂ ಸ್ಟೇಶನ್ ಹತ್ತಿರದ ಟಪಾಲು ಕಚೇರಿಗೆ ಹೋದರು. ಲಂಡನ್ನಿನ ವಿಳಾಸ ನೋಡಿ ಗುಮಾಸ್ತ ಕನ್ನಡಕ ಸರಿಪಡಿಸಿಕೊಂಡ.

"ಮುಟ್ಟತದ ಅಂತ ನಾ ಹೇಳಂಗಿಲ್ಲ," ಎಂದ. "ಮೂರು ತಿಂಗಳು ಆಗಬಹುದು. ಹಡಗು ಮುಳಗಾಕತ್ತಾವ. ಮತ್ತೊಂದು ಮಾತು. ಈಗ ಹೊರದೇಶದ ಕಾಗದ ಎಲ್ಲಾ ಒಡದು ಓದತಾರ, ಸರಕಾರದ ಹುಕುಂ ಆಗ್ಯದ. ದೊಡ್ಡವರ ಹೆಸರು, ಒಳಗಿನ ಮಾತು ಏನರೆ ಬರಸಿದ್ರ ತಗಸಿಬಿಡು ಯಜಮಾನಾ."

ಮೌನಪ್ಪ ಲಕೋಟೆಯನ್ನು ಅವನ ಮುಂದೆ ಸರಿಸಿದ.

"ಯಾರು ಓದತಾರ್ರಿ?"

"ಸಾಹೇಬ್ರು. ಇಂಥಾದ್ದಕ್ಕಂತನ ಕುಂತಿರ್ತಾರ."

"ಓದ್ಲಿ ಬಿಡ್ರಿ," ಎಂದ ಮೌನಪ್ಪ. "ಯಾರರೆ ಒಬ್ರು ಓದ್ಲಿ."